ಮೂರನೇ ಕಂಪ್ಯೂಟರಿನ ಲಾಗ್ ಬುಕ್

ಆ ದಿನವೂ ನೀರು ಮೂರೂವರೆಗೇ ಬಂತು.

ಕಾಗದನಗರದ ಕ್ವಾರ್ಟರ್ಸ್‌ಗಳಲ್ಲಿ ನಮ್ಮ ಸಾಲಿನ ಮನೆಗಳಿಗೆ ಮಧ್ಯಾಹ್ನ ಮೂರೂವರೆಗೆ ನೀರು ಬಿಟ್ಟು ನಾಲ್ಕೂ ಕಾಲಿಗೆ ನಿಲ್ಲಿಸುತ್ತಿದ್ದರು. ನಾನು ಮೂರು ಗಂಟೆಯಿಂದ ಮಾರ್ಕೆಟ್ ಪಕ್ಕದ ನೆಟ್ ಸೆಂಟರಿನಲ್ಲಿ, ಮೂರನೇ ಕಂಪ್ಯೂಟರಿನ ಮುಂದೆ ಇಪ್ಪತ್ತೊಂದನೇ ಪಾಠ ಓದುತ್ತಾ ಕೂತಿದ್ದೆ. ಮೂರು ಇಪ್ಪತ್ತೈದಕ್ಕೆ ನಮ್ಮ ಮನೆಯವರು ಬಂದು ಕುರ್ಚಿಯ ಹಿಂದೆ ನಿಂತರು. ನಾನು ಎದ್ದೆ, ಅವರು ಕೂತರು. ನಾನು ಮನೆಗೆ ಓಡಿ ಎರಡು ಡ್ರಮ್, ಆರು ಕೊಡ, ಬಚ್ಚಲ ತೊಟ್ಟಿ ತುಂಬಿಸಿಕೊಂಡು, ಸೀರೆಯ ಅಂಚು ಹಿಂಡಿಕೊಂಡು ವಾಪಸು ಬಂದಾಗ ನಾಲ್ಕೂ ಇಪ್ಪತ್ತು. ಅವರು ಎದ್ದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಸಹಿ ಹಾಕಿ, ಪೆನ್ನು ನನ್ನ ಕಡೆ ಚಾಚಿದರು.

ಕೈ ಒದ್ದೆಯಾಗಿದೆ, ಆಮೇಲೆ ಹಾಕುತ್ತೇನೆ ಎಂದೆ.

"ಸಹಿ ಆಗೋ ತನಕ ಮೆಷಿನ್ ನನ್ನ ತಲೆ ಮೇಲೇ ಇರುತ್ತೆ, ನೆನಪಿಟ್ಕೋ ಮಾರಾಯ್ತಿ" ಎಂದು ಹೇಳಿ ಸೈಕಲ್ ಹತ್ತಿ ಹೋದರು. ರಾತ್ರಿ ಪಾಳಿಯಿತ್ತು, ಸ್ವಲ್ಪ ಮಲಗಬೇಕಿತ್ತು. ನಾನು ಐದರ ತನಕ ಪಾಠ ಓದಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ನೋಟ್‌ಬುಕ್ ಅಲ್ಲೇ ಮುಚ್ಚಿಟ್ಟು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದು, ಎದೆ ಹಿಡಿದ ಹಾಗಿದೆ ಎಂದು ಜಗಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಆ ಬೆಳಗಿನ ಬಗ್ಗೆ ಇಷ್ಟು ಸಾಕು. ಅದನ್ನು ಮನೆಗೆ ಬಂದವರಿಗೆಲ್ಲ ಸಾಕಷ್ಟು ಸಲ ಹೇಳಿದ್ದೇನೆ. ಆ ಕುರ್ಚಿಯ ಬಗ್ಗೆ ಮಾತ್ರ ಅವರಲ್ಲಿ ಯಾರಿಗೂ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಗಣಿತದಲ್ಲಿ ಎರಡನೇ ಸಲಕ್ಕೆ ಪಾಸು. ಮಗಳು ಓದುತ್ತಿದ್ದ ಭದ್ರಾವತಿಯ ಶಾಲೆಯ ಆಫೀಸಿನಲ್ಲಿ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ಅವರು ನಿವೃತ್ತರಾಗುವ ಹೊತ್ತಿಗೆ ಕಂಪ್ಯೂಟರ್ ಸರ್ಟಿಫಿಕೇಟ್ ತಂದುಕೊಟ್ಟರೆ ಆ ಜಾಗ ನಿಮಗೇ ಎಂದು ಮುಖ್ಯೋಪಾಧ್ಯಾಯಿನಿ ನನಗೆ ಹೇಳಿದ್ದರು. ಮಕ್ಕಳ ಪ್ರಗತಿ ಪತ್ರಗಳನ್ನು ಗುಂಡಗೆ ಬರೆದುಕೊಡುತ್ತಿದ್ದೆ ಎಂದು ನನ್ನ ಮೇಲೆ ಅವರಿಗೆ ಅಷ್ಟು ವಿಶ್ವಾಸ. ನನಗೂ ಆಸೆ ಹುಟ್ಟಿತು. ದಿನಾ ಶಿವಮೊಗ್ಗಕ್ಕೆ ಹೋಗಿ ಕಲಿಯುವುದು ಮೂರು ಪಾಳಿಯ ಮನೆಯಲ್ಲಿ ಆಗುವ ಮಾತಲ್ಲ. ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಏಳುವ ಮನೆ ಅದು.

ಆಗ ಎರಡು ಸಾವಿರದ ಐದೋ ಆರೋ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಇಂಟರ್‌ನೆಟ್‌ನಲ್ಲೇ ಪಾಠ ಕಳಿಸುವ ಸಂಸ್ಥೆ ಶುರುವಾಗಿತ್ತು. ಒಟ್ಟು ಮೂವತ್ತು ಪಾಠ. ನಿಮ್ಮ ಊರಿನ ನೆಟ್ ಸೆಂಟರಿನಲ್ಲಿ ಕೂತು ಓದಿ, ಅಲ್ಲೇ ಉತ್ತರ ಬರೆಯಬೇಕು. ತಿಂಗಳಿಗೊಂದು ಶನಿವಾರ ಮಾತ್ರ ಶಿವಮೊಗ್ಗಕ್ಕೆ ಬಂದು ಅನುಮಾನ ಕೇಳಿದರಾಯಿತು. ನಮ್ಮ ಮನೆಯವರೂ ನಾನೂ ಖಾಸಗಿ ಬಸ್ಸು ಹತ್ತಿ ಹೋಗಿ ಹೆಸರು ಬರೆಸಿದೆವು.

ಮೊದಲ ದಿನ ಕೋಣೆ ತುಂಬ ಜನ. ಮೂವತ್ತಕ್ಕೂ ಹೆಚ್ಚು ಮಂದಿ. ಹೆಚ್ಚಿನವರು ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ನನ್ನ ವಯಸ್ಸಿನವರು ಅಂತ ಇದ್ದದ್ದು ಹೊಳಲೂರಿನಿಂದ ಬಂದಿದ್ದ ಒಬ್ಬರು. ತೋಟ ಗದ್ದೆ ಇರುವ ಅನುಕೂಲಸ್ಥ ಮನೆಯ ಸೊಸೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೊಸ ಬ್ಯಾಗು. ನಾನು ಕೇಳುವ ಮೊದಲೇ ಅವರು ತಮ್ಮ ಕಾರಣ ಹೇಳಿಬಿಟ್ಟರು. ಅವರೂರಿನಲ್ಲಿ ನೆಟ್ ಸೆಂಟರ್ ಇಲ್ಲ, ಹಾಗಾಗಿ ವಾರಕ್ಕೆ ಮೂರು ದಿನ ಶಿವಮೊಗ್ಗಕ್ಕೆ ಬರಲೇಬೇಕು, ಅತ್ತೆ ಬೇಡ ಎನ್ನುವ ಹಾಗಿಲ್ಲ. ಕಂಪ್ಯೂಟರ್ ಬಂದರೂ ಸರಿ, ಬಾರದಿದ್ದರೂ ಸರಿ, ಮಸಾಲೆ ದೋಸೆಯಂತೂ ಸಿಗುತ್ತದಲ್ಲ ಎಂದರು.

ಪಾಠ ಹೇಳುವ ಮೇಡಂ ನನಗಿಂತ ಚಿಕ್ಕವರು. ವಾರಕ್ಕೆ ಮೂರು ದಿನ ಎರಡೆರಡು ಗಂಟೆ, ನಿಮಗೆ ಅನುಕೂಲವಾದ ಸಮಯ ಬರೆಯಿರಿ, ಆ ಹೊತ್ತಿನಲ್ಲಿ ಮಾತ್ರ ನಿಮ್ಮ ಪಾಠ ತೆರೆಯುತ್ತದೆ ಎಂದರು. ನಾನು ಮೂರರಿಂದ ಐದು ಎಂದು ಬರೆದೆ. ಬರೆಯುವಾಗ ಎಲ್ಲ ನೆನಪಾಗಿತ್ತು, ಅಡುಗೆ, ಮಗಳು ಶಾಲೆಯಿಂದ ಬರುವ ಹೊತ್ತು, ಎಲ್ಲ. ನೀರು ಮಾತ್ರ ನೆನಪಾಗಲಿಲ್ಲ.

ನೆನಪಾದದ್ದು ಮೊದಲ ಪಾಠದ ನಡುವೆ. ಗಡಿಯಾರ ನೋಡಿ ಎದ್ದು ಓಡಿದೆ. ಬಂದು ನೋಡಿದರೆ ಪಾಠ ಮುಚ್ಚಿಹೋಗಿತ್ತು. ಹತ್ತು ನಿಮಿಷ ಮೌಸ್ ಮುಟ್ಟದಿದ್ದರೆ ಪುಟ ತಾನಾಗಿ ಮುಚ್ಚಿಕೊಳ್ಳುವುದು, ಮತ್ತೆ ಒಂದನೇ ಪುಟದಿಂದ ಶುರು ಮಾಡಬೇಕಾದದ್ದು ಆ ಪಾಠಗಳ ಪದ್ಧತಿ. ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ನಾನು ಮನೆಯಲ್ಲಿ, ಇದು ನನ್ನ ಹಣೆಯಲ್ಲಿ ಬರೆದಿಲ್ಲ ಬಿಡಿ ಎಂದೆ.

ನಮ್ಮ ಮನೆಯವರು ಕಾಗದದ ಕಾರ್ಖಾನೆಯಲ್ಲಿ ಮೆಷಿನ್ ಮೇಲೆ ಇದ್ದವರು. ಹತ್ತೊಂಬತ್ತನೇ ವಯಸ್ಸಿಗೆ ಸೇರಿದ್ದು. ಅವರಿಗೆ ದೇವರಿಗಿಂತ ದೊಡ್ಡ ನಿಯಮ ಒಂದಿತ್ತು. ಓಡುತ್ತಿರುವ ಮೆಷಿನ್ನನ್ನು ಬಿಟ್ಟು ಹೋಗಬಾರದು. ಪಾಳಿ ಮುಗಿದ ಸೈರನ್ ಆದರೂ ಸರಿ, ಮುಂದಿನ ಪಾಳಿಯವನು, ಅಂದರೆ ರಿಲೀವರ್, ಬಂದು ಲಾಗ್ ಬುಕ್ಕಿನಲ್ಲಿ ಸಹಿ ಹಾಕುವ ತನಕ ಕದಲುವ ಹಾಗಿಲ್ಲ. ಒಮ್ಮೆ ರಿಲೀವರನ ಮನೆಯಲ್ಲಿ ಹೆರಿಗೆ ಎಂದು ಇವರು ಎರಡು ಪಾಳಿ ಒಟ್ಟಿಗೆ ನಿಂತು, ಮೂರನೆಯ ಪಾಳಿಯ ಸೈರನ್ನಿಗೆ ಮನೆಗೆ ಬಂದು, ಮಗು ಗಂಡಂತೆ ಎಂದು ಹೇಳಿ ಚಾಪೆಯ ಮೇಲೆ ಬಿದ್ದವರು.

ನನ್ನ ದೂರನ್ನು ಪೂರ್ತಿ ಕೇಳಿಸಿಕೊಂಡು, ನಿನಗೆ ಬೇಕಾಗಿರುವುದು ಒಬ್ಬ ರಿಲೀವರ್ ಎಂದರು. ಮುಂದಿನ ಪಾಠದ ದಿನ ಮೂರು ಇಪ್ಪತ್ತೈದಕ್ಕೆ ನೆಟ್ ಸೆಂಟರಿಗೆ ಬಂದೇಬಿಟ್ಟರು. ಕೈಯಲ್ಲಿ ಮಗಳ ಹಳೆಯ ನೋಟ್‌ಬುಕ್ಕು. ಉಳಿದ ಖಾಲಿ ಹಾಳೆಗಳಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಸಮಯ, ಮೆಷಿನ್ನಿನ ಸ್ಥಿತಿ, ವಹಿಸಿಕೊಟ್ಟವರು, ವಹಿಸಿಕೊಂಡವರು. ನನಗೆ ನೆಟ್ ಸೆಂಟರಿನ ಹುಡುಗಿಯ ಮುಂದೆ ನಾಚಿಕೆಯಾಯಿತು. ಅವರಿಗೆ ಆಗಲಿಲ್ಲ. ಸಹಿ ಹಾಕಿಸಿಕೊಂಡೇ ನನ್ನನ್ನು ಕಳಿಸಿದರು.

ಬೆಳಗಿನ ಪಾಳಿ, ರಾತ್ರಿ ಪಾಳಿಯ ವಾರಗಳಲ್ಲಿ ಹೀಗೆ ನಡೆಯಿತು. ಮಧ್ಯಾಹ್ನದ ಪಾಳಿಯ ವಾರ ಅವರು ಬರುವ ಹಾಗಿಲ್ಲ. ಆ ವಾರ ನಮ್ಮ ಮೆಷಿನ್ನಿಗೆ ಶಟ್‌ಡೌನ್ ಎಂದು ಅವರೇ ಘೋಷಿಸಿದ್ದರು. ಆ ಏಳು ದಿನ ನನಗೂ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು.

ಆ ನೋಟ್‌ಬುಕ್ಕಿನಲ್ಲಿ ಅವರು ಬರೆದದ್ದನ್ನು ಈಗಲೂ ಓದಿದರೆ ನಗು ಬರುತ್ತದೆ. "ಮೂರೂ ನಲವತ್ತು. ಏಳನೇ ಪುಟ ಬಂತು. ಅರ್ಥವಾಗಲಿಲ್ಲ. ಮೌಸ್ ಅಲ್ಲಾಡಿಸಿದ್ದೇನೆ." "ಮೂರೂ ಐವತ್ತು. ಪರದೆಯಲ್ಲಿ ಮೀನು ಓಡಾಡಿತು. ಮುಟ್ಟಿದಾಗ ಹೋಯಿತು. ಮೆಷಿನ್ ನಾರ್ಮಲ್." "ನಾಲ್ಕು ಐದು. ಪಕ್ಕದ ಕಂಪ್ಯೂಟರಿನ ಹುಡುಗ ಇಸ್ಪೀಟು ಆಡುತ್ತಿದ್ದಾನೆ. ನಮ್ಮದರಲ್ಲೂ ಇದೆಯಂತೆ. ನಾನು ಆಡಲಿಲ್ಲ."

ನೆಟ್ ಸೆಂಟರ್ ನೋಡಿಕೊಳ್ಳುತ್ತಿದ್ದದ್ದು ಬಿ.ಕಾಂ. ಮುಗಿಸಿದ ಹುಡುಗಿ, ಬಾಯಿ ಸ್ವಲ್ಪ ಚುರುಕು. ಎರಡು ತಿಂಗಳು ನಮ್ಮನ್ನು ನೋಡಿ ನೋಡಿ ಒಂದು ದಿನ ತಡೆಯಲಾರದೆ ಕೇಳಿದಳು.

"ಅಂಕಲ್, ಒಂದ್ ಮಾತು. ನೀರನ್ನ ನೀವೇ ಹಿಡಿದುಬಿಟ್ರೆ ಆಂಟಿ ಎದ್ದು ಓಡೋದೇ ಬೇಡ ಅಲ್ವಾ?"

ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೇವರಾಣೆಗೂ ನನಗೆ ಅದು ಹೊಳೆದಿರಲಿಲ್ಲ. ಮೆಷಿನ್ ಹತ್ತಿರ ಇರಬೇಕಾದವರು ಅವರು, ನೀರಿನ ಹತ್ತಿರ ಇರಬೇಕಾದವಳು ನಾನು ಎಂಬುದು ನಮ್ಮಿಬ್ಬರ ತಲೆಯಲ್ಲೂ ಅಷ್ಟು ಗಟ್ಟಿಯಾಗಿ ಕೂತಿತ್ತು. ಅವರು, ಡ್ರಮ್ ಎಷ್ಟು ತುಂಬಿಸಬೇಕು ಅನ್ನೋದು ನನಗೆ ಗೊತ್ತಿಲ್ಲಮ್ಮ ಎಂದು ಗಂಭೀರವಾಗಿ ಹೇಳಿದರು. ಹುಡುಗಿ ಕೌಂಟರಿನ ಕೆಳಗೆ ಬಗ್ಗಿ ನಕ್ಕಳು. ಮರುದಿನದಿಂದ ಅವರು ನೀರು ಹಿಡಿಯುತ್ತಾರೆ ಎಂದುಕೊಂಡೆ. ಹಿಡಿಯಲಿಲ್ಲ. ಮೂರು ಇಪ್ಪತ್ತೈದಕ್ಕೆ ಕುರ್ಚಿಯ ಹಿಂದೆ ಬಂದು ನಿಂತರು. ನಾನೂ ಸುಮ್ಮನೆ ಎದ್ದೆ. ಅವರಿಗೆ ಆ ಕುರ್ಚಿ ಇಷ್ಟವಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಇಷ್ಟರಲ್ಲಿ ನಮ್ಮ ಬ್ಯಾಚು ಕರಗುತ್ತಾ ಬಂದಿತ್ತು. ಪಾಠದ ಪುಟದ ಬದಿಯಲ್ಲಿ ಎಲ್ಲರ ಹೆಸರು, ಹೆಸರಿನ ಮುಂದೆ ಒಂದು ಹಸಿರು ಪಟ್ಟಿ. ಓದಿದಷ್ಟೂ ಪಟ್ಟಿ ಉದ್ದವಾಗುತ್ತಿತ್ತು. ಮೊದಲ ಹದಿನೈದು ದಿನ ಎಲ್ಲರದೂ ಓಟ. ಆಮೇಲೆ ಒಂದೊಂದಾಗಿ ನಿಂತವು. ನಮ್ಮ ಸೆಂಟರಿಗೇ ಬರುತ್ತಿದ್ದ ಇಬ್ಬರು ಹುಡುಗರು ಕ್ರಿಕೆಟ್ ಸರಣಿ ಶುರುವಾದ ಕೂಡಲೇ ನಿಂತರು. ಹೊಳಲೂರಿನವರ ಪಟ್ಟಿ ನನ್ನದಕ್ಕಿಂತ ಮುಂದಿತ್ತು. ಅವರೂರಿಗೆ ಸಂಜೆ ವಾಪಸು ಹೋಗುವ ಬಸ್ಸಿನ ಸಮಯ ಬದಲಾದದ್ದೇ ಒಂಬತ್ತನೇ ಪಾಠದಲ್ಲಿ ನಿಂತಿತು. ಅವರೆಲ್ಲ ನನಗಿಂತ ಬುದ್ಧಿವಂತರು. ಹೊಳಲೂರಿನವರಂತೂ ಪಾಠವನ್ನು ನೀರು ಕುಡಿದ ಹಾಗೆ ಮುಗಿಸುತ್ತಿದ್ದರು. ನನಗೆ ಒಂದು ಪುಟಕ್ಕೆ ಮೂರು ಸಲ ಓದು ಬೇಕು. ಆದರೂ ನನ್ನ ಪಟ್ಟಿ ಇರುವೆಯ ಹಾಗೆ ಮುಂದೆ ಹೋಗುತ್ತಲೇ ಇತ್ತು.

ಹದಿನಾಲ್ಕನೇ ಪಾಠ ಪ್ರಿಂಟರಿನದು. ನಾನು ನೀರಿಗೆ ಹೋಗಿದ್ದಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತಂತೆ: ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಏನು ಮಾಡುತ್ತೀರಿ? ಇಪ್ಪತ್ತು ನಿಮಿಷದಲ್ಲಿ ಬರೆಯಿರಿ. ಅಷ್ಟು ದಿನ ಮೌಸ್ ಬಿಟ್ಟು ಬೇರೇನೂ ಮುಟ್ಟದವರು ಆ ದಿನ ಕೀಲಿಮಣೆಗೆ ಕೈ ಹಾಕಿದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಮೇಡಂ ಒಪ್ಪುತ್ತಿದ್ದರು. ಇವರು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದರು. ಎರಡು ಪದಗಳ ನಡುವೆ ಜಾಗ ಬಿಡುವ ಕೀಲಿ ಯಾವುದು ಎಂದು ಗೊತ್ತಿಲ್ಲದ್ದರಿಂದ ಉತ್ತರವೆಲ್ಲ ಒಂದೇ ಪಟ್ಟಾಗಿ, ಮೆಷಿನ್ನಿನಿಂದ ಇಳಿಯುವ ಕಾಗದದ ಹಾಗೆ ಎಲ್ಲೂ ಹರಿಯದೆ ಬಂದಿತ್ತು. ನಾನು ಬರುವಷ್ಟರಲ್ಲಿ ಕಳಿಸಿಯೂ ಆಗಿತ್ತು. ಲಾಗ್ ಬುಕ್ಕಿನಲ್ಲಿ ಮಾತ್ರ ಚಿಕ್ಕದಾಗಿ, "ನಾಲ್ಕು ಗಂಟೆ. ಪ್ರಶ್ನೆ ಬಂತು. ಅಟೆಂಡ್ ಮಾಡಿದ್ದೇನೆ" ಎಂದಿತ್ತು. ಏನು ಪ್ರಶ್ನೆ ಎಂದು ಕೇಳಿದರೆ, ಕಾಗದದ್ದು, ಬಿಡು ಎಂದರು.

ಆ ತಿಂಗಳ ಶನಿವಾರ ದುರ್ಗಿಗುಡಿಯ ಕೋಣೆಯಲ್ಲಿ ಒಂಬತ್ತು ಜನ ಉಳಿದಿದ್ದೆವು. ಮೇಡಂ ನನ್ನನ್ನು ಕರೆದು ಒಂದು ಹಾಳೆ ತೋರಿಸಿದರು. ಇವರ ಉತ್ತರವನ್ನು ಪ್ರಿಂಟ್ ತೆಗೆದು, ಪೆನ್ಸಿಲ್ಲಿನಲ್ಲಿ ಪದಗಳನ್ನು ಬಿಡಿಸಿ ಓದಿದ್ದರು. ಸಿಕ್ಕಿಕೊಂಡ ಕಾಗದವನ್ನು ರಟ್ಟೆ ಬಲದಿಂದ ಎಳೆಯಬಾರದು, ಅದು ಹೋಗುತ್ತಿದ್ದ ದಾರಿಯಲ್ಲೇ ಎರಡೂ ಕೈಯಲ್ಲಿ ನಿಧಾನವಾಗಿ ತೆಗೆಯಬೇಕು, ಚೂರು ಒಳಗೆ ಉಳಿದರೆ ನಾಳೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಇದು ಪಾಠದಲ್ಲೂ ಇತ್ತು. ಪಾಠದಲ್ಲಿ ಇಲ್ಲದ್ದು ಆಮೇಲೆ ಶುರುವಾಗಿತ್ತು. ತಪ್ಪು ಪ್ರಿಂಟರಿನದಲ್ಲ, ಕಾಗದವನ್ನು ಇಟ್ಟವನದು. ಮಳೆಗಾಲದಲ್ಲಿ ಕಟ್ಟು ಒಡೆದಿಟ್ಟರೆ ಕಾಗದ ತೇವ ಕುಡಿಯುತ್ತದೆ. ಹಾಳೆಯ ಮೂಲೆ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದ್ದು ಗರಗರ ಅನ್ನುತ್ತದೆ, ತೇವ ಕುಡಿದದ್ದು ಬಟ್ಟೆಯ ಹಾಗೆ ಸುಮ್ಮನಿರುತ್ತದೆ. ಕಾಗದಕ್ಕೂ ನಾರಿನ ದಿಕ್ಕು ಇದೆ. ಒಂದು ಕಡೆಯಿಂದ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಯಿಂದ ಸೊಟ್ಟಗೆ.

ಇದು ನಿಮಗೆ ಹೇಗೆ ಗೊತ್ತು ಎಂದು ಮೇಡಂ ಕೇಳಿದರು. ಸುಳ್ಳು ಹೇಳಲು ಬರಲಿಲ್ಲ. ಅದು ನಮ್ಮ ಮನೆಯವರು ಬರೆದದ್ದು ಎಂದೆ. ನೀರು, ರಿಲೀವರ್, ಲಾಗ್ ಬುಕ್ಕು, ಎಲ್ಲ ಹೇಳಿದೆ. ಹೆಸರು ತೆಗೆದುಹಾಕುತ್ತಾರೆ ಎಂದೇ ನಾನು ಎಣಿಸಿದ್ದು. ಮೇಡಂ ತುಂಬ ಹೊತ್ತು ನಕ್ಕರು. ಆಮೇಲೆ, ಆ ಪಾಠದ ಉತ್ತರವನ್ನು ನೀವೇ ಇನ್ನೊಮ್ಮೆ ಬರೆಯಿರಿ, ಇದನ್ನು ನಾನು ಇಟ್ಟುಕೊಳ್ಳುತ್ತೇನೆ ಎಂದರು. ಹಾಳೆ ಮಡಿಸಿಡುತ್ತಾ ಕೇಳಿದರು.

"ಇಪ್ಪತ್ತಕ್ಕೂ ಹೆಚ್ಚು ಜನ ಬಿಟ್ಟುಹೋದ್ರು. ದುಡ್ಡು ಕಟ್ಟಿದಾರೆ, ಕೆಲಸಾನೂ ಬೇಕು, ಆದ್ರೂ ಬರಲ್ಲ. ನೀವ್ ಯಾಕೆ ಬರ್ತೀರಿ?"

"ನಾನ್ ಹೋಗ್ದಿದ್ರೆ ಅವರು ಕುರ್ಚಿ ಬಿಟ್ಟು ಏಳಲ್ಲ ಮೇಡಂ" ಎಂದೆ.

ತಮಾಷೆಗೆ ಹೇಳಿದ್ದಲ್ಲ. ಶಾಲೆಯ ಕೆಲಸದ ಆಸೆ ನನ್ನನ್ನು ದುರ್ಗಿಗುಡಿಯ ಮಹಡಿ ಹತ್ತಿಸಿತ್ತು, ಅಷ್ಟೇ. ಕೊಡ ತುಂಬಿದ ಮೇಲೆ ಒದ್ದೆ ಸೀರೆಯಲ್ಲಿ ಮತ್ತೆ ಅಷ್ಟು ದೂರ ನಡೆಸಿದ್ದು ಆ ಆಸೆಯಲ್ಲ. ಅಲ್ಲೊಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು, ಎಂಟು ನಿಮಿಷಕ್ಕೊಮ್ಮೆ ಮೌಸ್ ಅಲ್ಲಾಡಿಸುತ್ತಾ ನನಗಾಗಿ ಕಾದಿದ್ದಾರೆ ಎಂಬುದು. ನೀವೂ ಸೇರಿ ಎಂದು ಮೇಡಂ ಹೇಳಿಕಳಿಸಿದ್ದಕ್ಕೆ ಅವರು ಒಪ್ಪಲಿಲ್ಲ. ನಾನು ರಿಲೀವರ್ ಅಷ್ಟೇ ಎಂದರು. ಆದರೆ ಮುಂದಿನ ವಾರ, ಜಾಗ ಬಿಡುವ ಕೀಲಿ ಯಾವುದು ಎಂದು ನೆಟ್ ಸೆಂಟರಿನ ಹುಡುಗಿಯನ್ನು ಗುಟ್ಟಾಗಿ ಕೇಳಿದ್ದರಂತೆ.

ಇಪ್ಪತ್ತೊಂದನೇ ಪಾಠದ ಮರುದಿನ ಅವರು ಹೋದರು. ಮೂರು ತಿಂಗಳು ನಾನು ಮಾರ್ಕೆಟ್ ಕಡೆ ತಲೆ ಹಾಕಲಿಲ್ಲ.

ಈಗ ಶಾಲೆಯ ಕೆಲಸ ನಿಜವಾಗಿಯೂ ಬೇಕಾಗಿತ್ತು. ಕ್ವಾರ್ಟರ್ಸ್ ಬಿಡಬೇಕು, ಮಗಳು ಎಂಟನೇ ಕ್ಲಾಸು. ಗುಮಾಸ್ತರ ನಿವೃತ್ತಿ ಜೂನ್ ಹೊತ್ತಿಗೆ, ಉಳಿದದ್ದು ನಾಲ್ಕು ತಿಂಗಳು, ಒಂಬತ್ತು ಪಾಠ. ಬಂದವರೆಲ್ಲ ಧೈರ್ಯ ಹೇಳಿದರು, ಮುಖ್ಯೋಪಾಧ್ಯಾಯಿನಿಯೇ ಮನೆಗೆ ಬಂದು ಹೇಳಿಹೋದರು. ನನಗೆ ಎಲ್ಲ ಅರ್ಥವಾಗುತ್ತಿತ್ತು. ಬೇಕು ಎನ್ನುವುದೇ ಬೇರೆ, ಎದ್ದು ಹೋಗುವುದೇ ಬೇರೆ ಎಂಬುದು ಆಗ ತಿಳಿಯಿತು. ಅವಶ್ಯಕತೆ ಮೂರು ಪಟ್ಟಾಗಿತ್ತು. ಕಾಲು ಮಾತ್ರ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೆಟ್ ಸೆಂಟರಿನ ಹುಡುಗಿ ಮನೆಗೆ ಬಂದಳು. ಒಂದು ಕೈಯಲ್ಲಿ ಲಾಗ್ ಬುಕ್ಕು, ಇನ್ನೊಂದರಲ್ಲಿ ಪ್ರಿಂಟ್ ತೆಗೆದ ಒಂದು ಹಾಳೆ. ಮೇಡಂ ಬರೆದ ಮೇಲ್ ಅದು. ನಮ್ಮ ಮನೆಯವರ ಉತ್ತರವನ್ನು ಪದ ಬಿಡಿಸಿ, ಹೊಸ ಬ್ಯಾಚಿನ ಹದಿನಾಲ್ಕನೇ ಪಾಠಕ್ಕೆ ಸೇರಿಸಿದ್ದಾರಂತೆ. ಹುಡುಗರು ಅದನ್ನು ಓದಿ ಪ್ರಶ್ನೆ ಕೇಳುತ್ತಿದ್ದಾರಂತೆ, ತೇವ ಕುಡಿದ ಕಾಗದವನ್ನು ಮತ್ತೆ ಒಣಗಿಸಬಹುದೇ, ನಾರಿನ ದಿಕ್ಕು ಹರಿಯದೆ ತಿಳಿಯುವುದು ಹೇಗೆ ಎಂದೆಲ್ಲ. ಮೇಡಂಗೆ ಉತ್ತರ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಏನಾಗಿದೆ ಎಂದು ನನಗೆ ತಿಳಿದಿದೆ, ಕೇಳಲು ಸಂಕೋಚ, ನಿಮಗೇನಾದರೂ ಗೊತ್ತಿದ್ದರೆ ಬರೆಯುತ್ತೀರಾ ಎಂದು ಕೇಳಿದ್ದರು.

ನನಗೆ ಗೊತ್ತಿತ್ತು. ಹದಿನಾರು ವರ್ಷ ಊಟಕ್ಕೆ ಕೂತಾಗೆಲ್ಲ ಕೇಳಿದ್ದು ಕಾಗದದ ಮಾತನ್ನೇ ತಾನೆ. ಹಾಳೆಯ ಒಂದು ಮುಖಕ್ಕೆ ಸ್ವಲ್ಪ ನೀರು ಹಚ್ಚಿದರೆ ಅದು ಸುರುಳಿಯಾಗುತ್ತದೆ. ಆ ಸುರುಳಿ ಕೊಳವೆ ಯಾವ ಕಡೆಗೆ ಉದ್ದವಾಗಿರುತ್ತದೋ ಅದೇ ನಾರಿನ ದಿಕ್ಕು. ಮಗಳ ಡ್ರಾಯಿಂಗ್ ಹಾಳೆಗಳನ್ನು ಹೀಗೆ ಎಷ್ಟು ಹಾಳು ಮಾಡಿ ಬೈಸಿಕೊಂಡಿದ್ದರು.

ಆಗಲೇ ಮೂರೂ ಕಾಲು. ನೀರು ಬರುವ ಹೊತ್ತು ಎಂದೆ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ತಮಿಳು ಅಕ್ಕ ನಮ್ಮ ಕೊಡಗಳನ್ನು ಆಗಲೇ ಎತ್ತಿಕೊಂಡಿದ್ದರು.

"ನೀ ಹೋಗಮ್ಮ. ತಣ್ಣಿ ನಾನ್ ಹಿಡೀತೀನಿ. ಅದೇನ್ ದೊಡ್ಡ ಕೆಲಸಾನಾ?"

ಅಲ್ಲವೇ ಅಲ್ಲ. ದಾರಿಯುದ್ದಕ್ಕೂ ನನಗೂ ಆ ಹುಡುಗಿಗೂ ನಗು ತಡೆಯಲಾಗಲಿಲ್ಲ. ಅವರು ಹೋದ ಮೇಲೆ ನಾನು ಬಾಯಿ ತುಂಬ ನಕ್ಕದ್ದು ಅದೇ ಮೊದಲು.

ಹೊಸ ಬ್ಯಾಚಿನವರಿಗೆ ಉತ್ತರ ಬರೆದೆ, ಜಾಗ ಬಿಟ್ಟು. ಎರಡು ದಿನಕ್ಕೆ ಮತ್ತೊಂದು ಪ್ರಶ್ನೆ ಬಂತು. ಅದಕ್ಕೆ ಉತ್ತರಿಸಲು ಹೋದವಳು ಹೇಗೂ ಬಂದಿದ್ದೇನಲ್ಲ ಎಂದು ನಿಂತಿದ್ದ ಪಾಠ ಮುಂದುವರಿಸಿದೆ. ಹೀಗೇ ಒಂದೊಂದು ಪ್ರಶ್ನೆಯ ನೆಪದಲ್ಲಿ ಒಂದೊಂದು ಪಾಠ ಮುಗಿಯಿತು. ಆ ಬ್ಯಾಚಿನಲ್ಲಿ ಬಿಟ್ಟುಹೋದವರು ಕಡಿಮೆ ಎಂದು ಮೇಡಂ ಹೇಳುತ್ತಿದ್ದರು. ಅದು ಕಾಗದದಿಂದಲೋ, ಸಂಜೆಯ ಬಸ್ಸು ಮತ್ತೆ ಹಳೆಯ ಸಮಯಕ್ಕೆ ಬಂದದ್ದರಿಂದಲೋ ನನಗೆ ಗೊತ್ತಿಲ್ಲ. ಹೊಳಲೂರಿನವರಂತೂ ಬಸ್ಸಿನಿಂದಲೇ ವಾಪಸು ಬಂದದ್ದು. ಮುಚ್ಚುಮರೆಯಿಲ್ಲದೆ ಹಾಗೆಂದು ಹೇಳಿ, ಪರೀಕ್ಷೆಯ ದಿನ ನನಗೂ ದೋಸೆ ಕೊಡಿಸಿದರು.

ಮೇ ತಿಂಗಳಲ್ಲಿ ಸರ್ಟಿಫಿಕೇಟ್ ಬಂತು. ಜೂನಿನಲ್ಲಿ ಶಾಲೆಯ ಆಫೀಸಿನ ಕುರ್ಚಿಯಲ್ಲಿ ಕೂತೆ. ಮೊದಲ ಮಳೆಗೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಎಲ್ಲರೂ ಪ್ರಿಂಟರಿಗೆ ಬೈಯುತ್ತಿದ್ದಾಗ ನಾನು ಒಂದು ಹಾಳೆಯ ಮೂಲೆ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಜವಾನ ನನ್ನನ್ನು ಒಂಥರಾ ನೋಡಿದ. ಕಟ್ಟನ್ನು ಹೊದಿಕೆಯಲ್ಲಿ ಸುತ್ತಿ ಕಬ್ಬಿಣದ ಬೀರುವಿನೊಳಗೆ ಇಡಿಸಿದೆ. ಆಮೇಲೆ ಆ ಮಳೆಗಾಲವೆಲ್ಲ ತೊಂದರೆಯಾಗಲಿಲ್ಲ.

ಲಾಗ್ ಬುಕ್ಕು ನನ್ನ ಹತ್ತಿರವೇ ಇದೆ. ಇಪ್ಪತ್ತೊಂದನೇ ಪಾಠದ ದಿನದ ಸಾಲು ಕೊನೆಯದು. "ನಾಲ್ಕೂ ಇಪ್ಪತ್ತು. ಹನ್ನೆರಡನೇ ಪುಟ. ಮೆಷಿನ್ ನಾರ್ಮಲ್." ವಹಿಸಿಕೊಟ್ಟವರು ಎಂಬಲ್ಲಿ ಅವರ ಸಹಿ ಇದೆ. ಪಕ್ಕದಲ್ಲಿ, ವಹಿಸಿಕೊಂಡವರು ಎಂಬಲ್ಲಿ, ನನ್ನ ಸಹಿ ಇನ್ನೂ ಆಗಿಲ್ಲ.